ಹಿತ್ತಲ ಗಿಡವೂ ಹುಡುಕುಯಂತ್ರವೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಮನೆಯ ಹಿಂದೆಯೇ ಬೆಳೆದು ನಿಂತಿರುವ ಗಿಡದ ಗುಣವನ್ನು ಅರಿಯದೆ, ಮದ್ದಿಗಾಗಿ ದೂರದೂರಿಗೆ ಅಲೆಯುವ ಮನುಷ್ಯಸ್ವಭಾವವನ್ನು ಕಂಡು ಆಡಿದ ಮಾತಿದು. ಹತ್ತಿರವಿರುವ ವಸ್ತು ಎಷ್ಟೋ ವೇಳೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ ನಾವು ಅದಕ್ಕೆ ತಕ್ಕ ಬೆಲೆ ಕೊಡುವುದಿಲ್ಲ. ಗಿಡಮೂಲಿಕೆಗೆ ಸಲ್ಲುವ ಈ ಮಾತು ಕಸುಬಿಗೂ ವ್ಯಾಪಾರಕ್ಕೂ ಅಷ್ಟೇ ಸಲ್ಲುತ್ತದೆ. ನಮ್ಮ ಬೀದಿಯ ಕೊನೆಯಲ್ಲಿಯೇ ಕುಳಿತಿರುವ ನುರಿತ ಕಸುಬುದಾರನನ್ನು ಬಿಟ್ಟು, ನಾವು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುತ್ತೇವೆ. ಹೀಗಾಗಲು ಕಾರಣವೇನು? ಅವನು ನಮಗೆ ಕಾಣಿಸುವಂತೆ ಮಾಡುವ ಬಗೆ ಯಾವುದು? ನಮ್ಮ ಕಾಲದಲ್ಲಿ ಈ ಪ್ರಶ್ನೆಗೆ ಹೊಸದೊಂದು ಉತ್ತರ ದೊರೆತಿದೆ. ಅಂಗೈಯಲ್ಲಿ ಹಿಡಿಯುವ ಮೊಬೈಲ್ ಫೋನಿನೊಳಗಿನ ಹುಡುಕುಯಂತ್ರವೇ ಆ ಉತ್ತರ. ಅದು ಕೆಲಸ ಮಾಡುವ ಬಗೆಯನ್ನೂ, ಸಣ್ಣ ಊರಿನ ಸಣ್ಣ ಅಂಗಡಿಗೆ ಅದರಿಂದಾಗುವ ಪ್ರಯೋಜನವನ್ನೂ, ಅದರ ಮಿತಿಗಳನ್ನೂ ಇಲ್ಲಿ ವಿಚಾರ ಮಾಡೋಣ.

ರಾಯಚೂರು ಜಿಲ್ಲೆಯಲ್ಲಿ, ಮಾನ್ವಿಗೂ ಸಿಂಧನೂರಿಗೂ ನಡುವೆ, ಪೋತ್ನಾಳವೆಂಬ ಊರಿದೆ. ದಾರಿಯ ಮೇಲಿನ ಊರಾದುದರಿಂದ ಸುತ್ತಲಿನ ಹಳ್ಳಿಗಳ ಜನ ಬಸ್ಸು ಹತ್ತಲು, ಇಳಿಯಲು ಇಲ್ಲಿಗೇ ಬರುತ್ತಾರೆ. ಇಂತಹ ಊರುಗಳಲ್ಲಿ ಏನೇನಿರುತ್ತದೆಯೋ ಅದೆಲ್ಲ ಇಲ್ಲಿಯೂ ಇದೆ: ಕಿರಾಣಿ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಖಾನಾವಳಿ, ಹೊಲಿಗೆಯಂಗಡಿ, ಚಕ್ರಕ್ಕೆ ಪಂಕ್ಚರ್ ಹಾಕುವವರು, ಟ್ರ್ಯಾಕ್ಟರ್ ದುರಸ್ತಿ ಮಾಡುವವರು. ಈ ತಾಲೂಕಿನ ಬೇಸಾಯವು ಬಹುಮಟ್ಟಿಗೆ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಅವಲಂಬಿಸಿದೆ. ತುಂಗಭದ್ರಾ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯು ಕೊಪ್ಪಳ ಜಿಲ್ಲೆಯನ್ನು ಹಾಯ್ದು ರಾಯಚೂರು ಜಿಲ್ಲೆಗೆ ಬರುತ್ತದೆ. ಮಾನ್ವಿಯ ಸೀಮೆ ಕಾಲುವೆಯ ಕೊನೆಭಾಗಕ್ಕೆ ಸೇರಿದ್ದು. ಮೇಲುಭಾಗದವರಿಗೆ ಸಿಕ್ಕು ಉಳಿದ ನೀರು ಇಲ್ಲಿಗೆ ಬರಬೇಕು. ಬಂದ ನೀರು ನಾಲ್ಕು ದಿನ ಇದ್ದರೆ ಪುಣ್ಯ. ಆ ನಾಲ್ಕು ದಿನಗಳಲ್ಲಿ ರೈತನ ಪಂಪಿನ ಮೋಟಾರು ಸುಟ್ಟುಹೋಯಿತೆಂದರೆ, ಆ ಹಂಗಾಮಿನ ಪೈರಿಗೇ ಸಂಚಕಾರ ಬಂದಂತೆ.

ನನಗೆ ಒದಗಿದ್ದು ಇಂತಹುದೇ ಪ್ರಸಂಗ. ನಿವೃತ್ತನಾಗಿ ಊರಿಗೆ ಮರಳಿ ಸ್ವಲ್ಪ ಹೊಲವನ್ನು ನೋಡಿಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ, ಕಾಲುವೆಗೆ ನೀರು ಬಂದ ಎರಡನೆಯ ದಿನವೇ ನನ್ನ ಪಂಪಿನ ಮೋಟಾರು ಸುಟ್ಟು ಕಪ್ಪಾಯಿತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ಫೋನಿನಲ್ಲಿ ಹುಡುಕಿ, “ತಾತಾ, ಸಿಂಧನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿವೆ” ಎಂದಳು. ಮೋಟಾರನ್ನು ಗಾಡಿಗೆ ಹೇರಿಕೊಂಡು ಸಿಂಧನೂರಿಗೆ ಹೋದೆವು. ಅಲ್ಲಿ ಹಂಗಾಮಿನ ನೂಕುನುಗ್ಗಲು. ಮೋಟಾರು ಕೈಸೇರಲು ಮೂರು ದಿನಗಳಾದವು. ಅಷ್ಟರಲ್ಲಿ ಕಾಲುವೆ ಒಣಗಿತ್ತು. ಮರಳಿ ಬರುವಾಗ ಪೋತ್ನಾಳದ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾ ಕುಡಿಯಲು ನಿಂತೆವು. ಎದುರಿನ ತಗಡಿನ ಚಪ್ಪರದ ಕೆಳಗೆ ಒಬ್ಬ ಮಿಸ್ತ್ರಿ ಕುಳಿತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ತಲೆಯೆತ್ತಿ ನೋಡಿದವನೇ ಎದ್ದು ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಮೂವತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ನನ್ನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೇ ಅವನು! ಅವನ ಕೈಯಲ್ಲಿ ಒಂದು ದಿನದಲ್ಲಿ ಆಗುತ್ತಿದ್ದ ಕೆಲಸಕ್ಕೆ ನಾನು ಮೂರು ದಿನ ಕಳೆದು ಬಂದಿದ್ದೆ. ಅವನ ಅಂಗಡಿಗೆ ಒಂದು ಹಲಗೆಯೂ ಇರಲಿಲ್ಲ. ಫೋನಿನ ನಕಾಶೆಯಲ್ಲಿ ಅವನ ಹೆಸರೂ ಇರಲಿಲ್ಲ.

“ನೀನು ಇಲ್ಲಿರುವುದು ನನಗೆ ತಿಳಿಯಲೇ ಇಲ್ಲವಲ್ಲಪ್ಪಾ! ಫೋನಿನಲ್ಲಿ ಹೆಸರು ಯಾಕೆ ಹಾಕಿಸಿಲ್ಲ?” ಎಂದು ಕೇಳಿದೆ. ಅವನು ನಕ್ಕು, “ಊರಾಗಿನ ಮಂದಿಗೆಲ್ಲಾ ನಾ ಗೊತ್ತದೀನ್ರಿ ಮಾಸ್ತರ. ಗೊತ್ತಿಲ್ಲದವ್ರು ಬಸ್‌ಸ್ಟ್ಯಾಂಡಿನ್ಯಾಗ ಯಾರಿಗರ ಕೇಳಿದ್ರ ಹೇಳ್ತಾರ. ಫೋನಿನ್ಯಾಗ ನನ್ನ ಹೆಸರು ಯಾಕ ಬೇಕ್ರಿ?” ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ಆದರೆ ಅದು ಅರ್ಧಸತ್ಯ. ಕೇಳುವವನು ಬಸ್‌ನಿಲ್ದಾಣಕ್ಕೆ ಬಂದು ಕೇಳಿದರೆ ತಾನೆ ಹೇಳುವುದು? ಈಗ ಜನರು ಮನೆಯ ಕಟ್ಟೆಯ ಮೇಲೆ ಕುಳಿತು ಫೋನನ್ನು ಕೇಳುತ್ತಾರೆ. ಅದು ಯಾರ ಹೆಸರನ್ನು ಹೇಳುವುದೋ ಅವರಲ್ಲಿಗೇ ಹೊರಡುತ್ತಾರೆ. ಹೆಸರಿಲ್ಲದವನು ಎದುರಿಗಿದ್ದರೂ ಇಲ್ಲದಂತೆಯೇ.

ತನ್ನ ಇರವನ್ನು ನಾಲ್ಕು ಜನರಿಗೆ ಸಾರಿ ಹೇಳುವ ಅಗತ್ಯ ವ್ಯಾಪಾರಿಗೆ ಇಂದು ನಿನ್ನೆ ಬಂದುದಲ್ಲ. ಹಿಂದೆ ಹಲಗೆ ಬಾರಿಸಿ ಡಂಗುರ ಹೊಡೆಸುತ್ತಿದ್ದರು. ಸಂತೆಯಲ್ಲಿ ವ್ಯಾಪಾರಿಯ ಕೂಗೇ ಅವನ ನಾಮಫಲಕವಾಗಿತ್ತು. ದೂರವಾಣಿ ಬಂದ ಮೇಲೆ ಹೆಸರುಗಳ ಪಟ್ಟಿಯೂ ಬಂದಿತು. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಪ್ರಕಟವಾದ ದೂರವಾಣಿ ಪಟ್ಟಿಯು ಒಂದೇ ಹಾಳೆಯದು. ಅದರಲ್ಲಿ ಸುಮಾರು 50 ಹೆಸರುಗಳಿದ್ದವು. ಮುಂದೆ ಅಂಗಡಿಗಳನ್ನೂ ಕಸುಬುದಾರರನ್ನೂ ಅವರವರ ವೃತ್ತಿಗೆ ತಕ್ಕಂತೆ ವಿಂಗಡಿಸಿ, ಹಳದಿ ಕಾಗದದ ಮೇಲೆ ಅಚ್ಚುಹಾಕುವ ಪದ್ಧತಿ ಬೆಳೆಯಿತು. ನಮ್ಮ ದೇಶದಲ್ಲಿ 1996ರಲ್ಲಿ ಮುಂಬಯಿಯಲ್ಲಿ ‘ಜಸ್ಟ್ ಡಯಲ್’ ಎಂಬ ಸಂಸ್ಥೆ ಆರಂಭವಾಯಿತು. ಬೇಕಾದ ಅಂಗಡಿಯ ವಿವರವನ್ನು ದೂರವಾಣಿಯಲ್ಲಿ ಕೇಳಿದರೆ ಅದು ತಿಳಿಸುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಇಬ್ಬರು ತರುಣರು ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ನಕಾಶೆಯು 2005ರಲ್ಲಿ ಬಳಕೆಗೆ ಬಂದಿತು. ಅಂಗಡಿಕಾರರು ತಮ್ಮ ವಿವರವನ್ನು ತಾವೇ ದಾಖಲಿಸುವ ಏರ್ಪಾಡಿಗೆ 2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂಬ ಹೆಸರಾಯಿತು. 2021ರಲ್ಲಿ ಅದು ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಎಂದು ಬದಲಾಯಿತು.

ಹುಡುಕುಯಂತ್ರವು ಉತ್ತರವನ್ನು ಎಲ್ಲಿಂದ ತರುತ್ತದೆ? ನಾವು ಪ್ರಶ್ನೆ ಕೇಳಿದ ಕ್ಷಣದಲ್ಲಿ ಅದು ಲೋಕವನ್ನೆಲ್ಲ ಸುತ್ತಿ ಬರುತ್ತದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಪದಗಳ ಸೂಚಿಯೊಂದಿರುವುದನ್ನು ನೀವು ನೋಡಿರಬಹುದು. ‘ಕಾಲುವೆ’ ಎಂಬ ಪದ ಯಾವ ಯಾವ ಪುಟದಲ್ಲಿದೆ ಎಂಬುದನ್ನು ಅಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಹುಡುಕುವವನು ಗ್ರಂಥವನ್ನೆಲ್ಲ ಓದಬೇಕಾಗಿಲ್ಲ. ಸೂಚಿಯನ್ನು ನೋಡಿದರೆ ಸಾಕು. ಹುಡುಕುಯಂತ್ರವೂ ಹೀಗೆಯೇ ಅಂತರಜಾಲದ ಪುಟಗಳನ್ನೂ, ಅಂಗಡಿಗಳ ದಾಖಲೆಗಳನ್ನೂ ಮೊದಲೇ ಓದಿ, ವಿಶಾಲವಾದ ಸೂಚಿಯೊಂದನ್ನು ಸಿದ್ಧಪಡಿಸಿಕೊಂಡಿರುತ್ತದೆ. ಸೂಚಿಯಲ್ಲಿ ಇಲ್ಲದುದನ್ನು ಅದು ತೋರಿಸಲಾರದು. ನನ್ನ ಶಿಷ್ಯನ ಅಂಗಡಿಯು ಮೊಮ್ಮಗಳ ಫೋನಿನಲ್ಲಿ ಕಾಣದಿದ್ದುದರ ಕಾರಣ ಇಷ್ಟೇ.

ಹತ್ತಿರದ ಅಂಗಡಿಯನ್ನು ತೋರಿಸಬೇಕಾದರೆ ಕೇಳುವವನು ಎಲ್ಲಿದ್ದಾನೆ ಎಂಬುದೂ ತಿಳಿದಿರಬೇಕಲ್ಲವೆ? ಅದಕ್ಕೆ ಆಕಾಶದ ನೆರವಿದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳು ಎಡೆಬಿಡದೆ ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಅಮೆರಿಕವು ನಿರ್ಮಿಸಿದ ಈ ಉಪಗ್ರಹ ವ್ಯವಸ್ಥೆಯನ್ನು ‘ಜಿಪಿಎಸ್’ ಎನ್ನುತ್ತಾರೆ. ಅದು 1995ರಲ್ಲಿ ಪೂರ್ಣಪ್ರಮಾಣದಲ್ಲಿ ಕಾರ್ಯಾರಂಭ ಮಾಡಿತು. ಸಂಕೇತವು ಉಪಗ್ರಹದಿಂದ ಹೊರಟು ಫೋನನ್ನು ಮುಟ್ಟಲು ಹಿಡಿದ ಕಾಲವನ್ನು ಅಳೆದರೆ ಉಪಗ್ರಹದ ದೂರ ತಿಳಿಯುತ್ತದೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಫೋನು ತಾನಿರುವ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕಹಾಕಿಕೊಳ್ಳುತ್ತದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಮದ್ರಾಸಿನ ಬಳಿ ಸರಪಳಿ ಹಿಡಿದು ನೆಲ ಅಳೆಯಲು ತೊಡಗಿದಾಗ, ಭಾರತದ ಮಹಾ ತ್ರಿಕೋನಮಿತಿಯ ಮೋಜಣಿ ಆರಂಭವಾಯಿತು. ಅದು ಮುಗಿಯಲು ದಶಕಗಳೇ ಹಿಡಿದವು. ಅಂದು ದಂಡು ಕಟ್ಟಿಕೊಂಡು ಮಾಡಿದಂತಹ ಗಣಿತವನ್ನು ಇಂದು ಒಬ್ಬ ಕುರಿಗಾಹಿಯ ಜೇಬಿನಲ್ಲಿರುವ ಫೋನು ಕ್ಷಣಮಾತ್ರದಲ್ಲಿ ಮಾಡುತ್ತದೆ.

ಸ್ಥಳ ತಿಳಿಯಿತು, ಸೂಚಿಯೂ ಇದೆ. ಈಗ ಹತ್ತು ಅಂಗಡಿಗಳಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ಇದಕ್ಕೆ ಗೂಗಲ್ ಸಂಸ್ಥೆ ಮೂರು ಮುಖ್ಯ ಅಂಶಗಳನ್ನು ಹೇಳಿದೆ. ಅವು ಹೊಂದಿಕೆ, ದೂರ ಮತ್ತು ಪ್ರಸಿದ್ಧಿ. ಇವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಹೊಂದಿಕೆ ಎಂದರೆ ಕೇಳಿದ ಪ್ರಶ್ನೆಗೂ ಅಂಗಡಿಯ ದಾಖಲೆಗೂ ಇರುವ ಹೋಲಿಕೆ. ಒಬ್ಬನು ‘ಮೋಟಾರ್ ರಿವೈಂಡಿಂಗ್’ ಎಂದು ಕೇಳುತ್ತಾನೆ. ಅಂಗಡಿಯ ದಾಖಲೆಯಲ್ಲಿ ಬರಿಯ ‘ವಿದ್ಯುತ್ ಕೆಲಸ’ ಎಂದಿದ್ದರೆ, ಅದು ಮನೆಗೆ ದೀಪ ಹಾಕುವ ಅಂಗಡಿಯೋ ಪಂಪು ದುರಸ್ತಿಯ ಅಂಗಡಿಯೋ ಎಂಬುದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಆದುದರಿಂದ ಕಸುಬಿನ ವರ್ಗವನ್ನು ಆರಿಸುವಾಗ ಎಚ್ಚರ ಬೇಕು. ಜನರು ಆಡುವ ಮಾತಿನಲ್ಲಿಯೇ ವಿವರಣೆ ಇರಬೇಕು. ಕನ್ನಡದಲ್ಲಿಯೂ ಬರೆಯಬೇಕು. 2017ರಲ್ಲಿ ಗೂಗಲ್ ತನ್ನ ಧ್ವನಿಬರಹದ ಸೌಲಭ್ಯಕ್ಕೆ ಕನ್ನಡವನ್ನು ಸೇರಿಸಿತು. ಅಂದಿನಿಂದ ಅಕ್ಷರ ಬಾರದವನೂ ಫೋನಿನ ಮುಂದೆ ಕನ್ನಡದಲ್ಲಿ ಮಾತಾಡಿ ಪ್ರಶ್ನೆ ಕೇಳಬಹುದಾಗಿದೆ. ಅವನು ಕನ್ನಡದಲ್ಲಿ ಕೇಳಿದರೆ, ಉತ್ತರವಾಗಿ ನಿಲ್ಲಬೇಕಾದ ಅಂಗಡಿಯ ಹೆಸರೂ ಕನ್ನಡದಲ್ಲಿ ಇರುವುದು ಒಳ್ಳೆಯದಲ್ಲವೆ? ಕರ್ನಾಟಕದಲ್ಲಿ 2024ರ ಕಾನೂನು ತಿದ್ದುಪಡಿಯು ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಬೀದಿಯ ಹಲಗೆಗೆ ಒಪ್ಪುವ ಭಾಷೆ ಫೋನಿನ ಹಲಗೆಗೂ ಒಪ್ಪುತ್ತದೆ.

ಎರಡನೆಯದು ದೂರ. ಒಂದೇ ಪ್ರಶ್ನೆಯನ್ನು ಪೋತ್ನಾಳದಲ್ಲಿ ನಿಂತು ಕೇಳಿದವನಿಗೆ ಒಂದು ಉತ್ತರ, ದೇವದುರ್ಗದಲ್ಲಿ ನಿಂತು ಕೇಳಿದವನಿಗೆ ಮತ್ತೊಂದು ಉತ್ತರ ದೊರೆಯುತ್ತದೆ. ರಾಯಚೂರು ನಗರದಲ್ಲಿರುವ ದೊಡ್ಡ ಅಂಗಡಿಯು ಎಷ್ಟೇ ವೈಭವದಿಂದಿರಲಿ, ಪೋತ್ನಾಳದ ಸಣ್ಣ ಅಂಗಡಿಗೆ ಇರುವ ಒಂದು ಅನುಕೂಲ ಅದಕ್ಕಿಲ್ಲ, ಸಣ್ಣದು ಹತ್ತಿರದಲ್ಲಿದೆ! ಸಣ್ಣ ವ್ಯಾಪಾರಿಯ ಬಲವೇ ಇದು. ಜಗತ್ತಿಗೆಲ್ಲ ತನ್ನ ಹೆಸರನ್ನು ಸಾರುವ ಹಂಬಲ ಅವನಿಗೆ ಬೇಕಿಲ್ಲ. ಸುತ್ತಲಿನ ಹತ್ತು ಹಳ್ಳಿಗಳಿಗೆ ಕಾಣಿಸಿದರೆ ಅವನ ಜೀವನ ಸಾಗುತ್ತದೆ. ಹೀಗೆ ಒಂದು ಓಣಿಯ, ಒಂದು ಊರಿನ ಮಟ್ಟದಲ್ಲಿ ಅಂಗಡಿಯನ್ನು ಹುಡುಕುವವರ ಕಣ್ಣಿಗೆ ಬೀಳುವಂತೆ ಮಾಡುವುದನ್ನು ಸ್ಥಳೀಯ ಹುಡುಕಾಟದ ಪ್ರಚಾರ ಎನ್ನಬಹುದು. ಅಂಗಡಿಯಿಲ್ಲದೆ ಗಿರಾಕಿಯ ಹೊಲಕ್ಕೇ ಹೋಗಿ ಕೆಲಸ ಮಾಡುವ ಕಸುಬುದಾರರೂ ಇದ್ದಾರೆ. ಅಂಥವರು ಮನೆಯ ವಿಳಾಸವನ್ನು ತೋರಿಸದೆ, ತಾವು ಯಾವ ಯಾವ ಊರುಗಳಿಗೆ ಹೋಗುತ್ತೇವೆಂಬುದನ್ನು ಮಾತ್ರ ದಾಖಲಿಸಲು ಅವಕಾಶವಿದೆ.

ಮೂರನೆಯದು ಪ್ರಸಿದ್ಧಿ. ನಾಲ್ಕು ಜನ ಆ ಅಂಗಡಿಯ ವಿಷಯದಲ್ಲಿ ಏನು ಹೇಳುತ್ತಾರೆ, ಎಷ್ಟು ಜನ ಅಭಿಪ್ರಾಯ ಬರೆದಿದ್ದಾರೆ, ಎಷ್ಟು ನಕ್ಷತ್ರಗಳನ್ನು ಕೊಟ್ಟಿದ್ದಾರೆ, ಬೇರೆ ಬೇರೆ ಕಡೆಗಳಲ್ಲಿ ಅದರ ಉಲ್ಲೇಖ ಎಷ್ಟಿದೆ ಎಂಬುದನ್ನು ಯಂತ್ರವು ಗಣನೆಗೆ ತೆಗೆದುಕೊಳ್ಳುತ್ತದೆ. ಬಸ್‌ನಿಲ್ದಾಣದಲ್ಲಿ ಜನ ಆಡುವ ಮಾತೇ ಇಲ್ಲಿ ಬರಹದ ರೂಪವನ್ನು ತಾಳಿದೆ. ಹಿಂದೆ ‘ಅವನ ಕೈಗುಣ ಒಳ್ಳೆಯದು’ ಎಂದು ಬಾಯಿಂದ ಬಾಯಿಗೆ ಹರಿಯುತ್ತಿದ್ದ ಕೀರ್ತಿಯನ್ನು ಈಗ ಅಪರಿಚಿತನೂ ಓದಬಲ್ಲ.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ನಮ್ಮ ಊರಿನ ಹೆಸರನ್ನು ಕೆಲವರು ‘ಪೋತ್ನಾಳ’ ಎಂದೂ, ಕೆಲವರು ‘ಪೋತನಾಳ’ ಎಂದೂ, ಮತ್ತೆ ಕೆಲವರು ‘ಪೊತ್ನಾಳ’ ಎಂದೂ ಬರೆಯುತ್ತಾರೆ. ‘ಮಾನ್ವಿ’ಯು ‘ಮಾನವಿ’ಯೂ ಆಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗಲಂತೂ ಒಬ್ಬೊಬ್ಬರದು ಒಂದೊಂದು ಬಗೆ. ಮನುಷ್ಯನಿಗೆ ಇವೆಲ್ಲ ಒಂದೇ ಎಂಬುದು ತಿಳಿಯುತ್ತದೆ; ಯಂತ್ರವು ಕೆಲವೊಮ್ಮೆ ತಬ್ಬಿಬ್ಬಾಗುತ್ತದೆ. ಒಂದೇ ಅಂಗಡಿಯು ಒಂದೆಡೆ ಒಂದು ಹೆಸರಿನಿಂದ, ಮತ್ತೊಂದೆಡೆ ಇನ್ನೊಂದು ಹೆಸರಿನಿಂದ, ಬೇರೆ ಬೇರೆ ದೂರವಾಣಿ ಸಂಖ್ಯೆಗಳೊಡನೆ ದಾಖಲಾದರೆ, ಅದು ಎರಡು ಅಂಗಡಿಯೆಂದು ತಿಳಿದೀತು. ಆದುದರಿಂದ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಇವು ಮೂರೂ ಎಲ್ಲೆಡೆಯೂ ಒಂದೇ ಬಗೆಯಾಗಿರಬೇಕು.

ಇದರ ಮಹತ್ವವನ್ನು ನಮ್ಮ ಜಿಲ್ಲೆಯ ಒಂದು ಬಂಡೆಗಲ್ಲು ಚೆನ್ನಾಗಿ ಹೇಳುತ್ತದೆ. ಮೌರ್ಯ ಸಾಮ್ರಾಟನ ಶಾಸನಗಳ ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದನು. ಆಗ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ಅರಸನ ಸ್ವಂತ ಹೆಸರಿರಲಿಲ್ಲ. ಆ ಬಿರುದು ಅಶೋಕನದೇ ಎಂಬುದನ್ನು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಬೇಕಾಯಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಶಾಸನವೊಂದು ದೊರೆಯಿತು. ಅದರಲ್ಲಿ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಸ್ಪಷ್ಟವಾಗಿತ್ತು. ಊಹೆಯು ನಿಶ್ಚಯವಾಯಿತು. ಚಕ್ರವರ್ತಿಯಾದವನಿಗೇ ಹೆಸರಿನ ಗೊಂದಲ ತಪ್ಪಲಿಲ್ಲವೆಂದ ಮೇಲೆ, ತಗಡಿನ ಚಪ್ಪರದ ಮಿಸ್ತ್ರಿಯ ಪಾಡೇನು? ಹೆಸರನ್ನು ಸ್ಪಷ್ಟವಾಗಿಯೂ ಒಂದೇ ಬಗೆಯಾಗಿಯೂ ಬರೆಯುವುದು ಎರಡು ಸಾವಿರ ವರ್ಷಗಳ ಹಿಂದೆಯೂ ಮುಖ್ಯವಾಗಿತ್ತು, ಇಂದೂ ಮುಖ್ಯವಾಗಿದೆ.

ವಿಳಾಸದಲ್ಲಿ ಪಿನ್ ಸಂಖ್ಯೆಯನ್ನೂ ಮರೆಯಬಾರದು. ಒಂದೇ ಹೆಸರಿನ ಹಳ್ಳಿಗಳು ನಮ್ಮ ದೇಶದಲ್ಲಿ ಬಹಳ. ಅವುಗಳಲ್ಲಿ ಕಾಗದಗಳು ದಿಕ್ಕುತಪ್ಪಬಾರದೆಂದು 1972ರ ಆಗಸ್ಟ್ 15ರಂದು ಅಂಚೆ ಇಲಾಖೆಯು ಆರು ಅಂಕೆಗಳ ಪಿನ್ ಸಂಖ್ಯೆಯನ್ನು ಜಾರಿಗೆ ತಂದಿತು. ರಾಯಚೂರಿನ 584101 ಎಂಬ ಸಂಖ್ಯೆಯನ್ನು ನೋಡಿರಿ. ಮೊದಲ ಅಂಕೆ 5 ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ವಲಯವನ್ನು ಸೂಚಿಸುತ್ತದೆ. ಮೊದಲ ಮೂರು ಅಂಕೆಗಳು ಅಂಚೆಯನ್ನು ವಿಂಗಡಿಸುವ ಜಿಲ್ಲೆಯನ್ನೂ, ಕೊನೆಯ ಮೂರು ಅಂಕೆಗಳು ಕಾಗದವನ್ನು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ತೋರಿಸುತ್ತವೆ. ಕಾಗದಕ್ಕಾಗಿ ಹುಟ್ಟಿದ ಈ ಏರ್ಪಾಡು ಈಗ ಅಂಗಡಿಗಳ ದಾಖಲೆಗೂ ನೆರವಾಗುತ್ತಿದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಮಿಸ್ತ್ರಿಯ ಪಕ್ಕದಲ್ಲಿ ಕುಳಿತು ಅವನ ಅಂಗಡಿಯನ್ನು ದಾಖಲಿಸಿದಳು. ಈ ದಾಖಲೆಗೆ ಹಣ ಕೊಡಬೇಕಾಗಿಲ್ಲ. ಅಂಗಡಿಯ ಹೆಸರು, ಕಸುಬಿನ ವರ್ಗ, ನಕಾಶೆಯಲ್ಲಿ ಅಂಗಡಿಯ ಸ್ಥಾನ, ದೂರವಾಣಿ ಸಂಖ್ಯೆ, ಬಾಗಿಲು ತೆರೆಯುವ ಮತ್ತು ಮುಚ್ಚುವ ವೇಳೆ, ರಜೆಯ ದಿನ ಇವುಗಳನ್ನು ತುಂಬಿದಳು. ಅಂಗಡಿಯ ಮುಂಭಾಗದ, ಒಳಭಾಗದ ಛಾಯಾಚಿತ್ರಗಳನ್ನು ಸೇರಿಸಿದಳು. ಅದಕ್ಕಾಗಿ ಮಿಸ್ತ್ರಿ ಹಲಗೆಯೊಂದನ್ನು ಬರೆಯಿಸಿ ತೂಗುಹಾಕಿದ. ಅಂಗಡಿ ನಿಜವಾಗಿ ಇದೆಯೆಂಬುದನ್ನೂ, ದಾಖಲಿಸುವವನೇ ಅದರ ಒಡೆಯನೆಂಬುದನ್ನೂ ಸಂಸ್ಥೆಯು ಪರಿಶೀಲಿಸುತ್ತದೆ. ಫೋನಿನ ಮೂಲಕವೋ, ಅಂಗಡಿಯನ್ನೂ ಬೀದಿಯನ್ನೂ ಚಿತ್ರೀಕರಿಸಿ ಕಳುಹಿಸುವ ಮೂಲಕವೋ ಈ ಪರಿಶೀಲನೆ ನಡೆಯುತ್ತದೆ. ಅದು ಮುಗಿದ ಮೇಲೆ ಅಂಗಡಿಯು ನಕಾಶೆಯಲ್ಲಿ ಕಾಣಿಸಿಕೊಂಡಿತು. ಮಿಸ್ತ್ರಿಯು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ತನ್ನ ಹೆಸರನ್ನು ಎರಡು ಸಲ ಓದಿದ.

ಆದರೆ ಒಂದು ತಪ್ಪು ನಡೆದಿತ್ತು. ವೇಳೆಯನ್ನು ತುಂಬುವಾಗ ನಮ್ಮವಳು ಅವಸರದಲ್ಲಿ ‘ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ’ ಎಂಬುದಕ್ಕೆ ಗುರುತು ಹಾಕಿಬಿಟ್ಟಿದ್ದಳು. ಕೆಲವು ದಿನಗಳ ನಂತರ, ರಾತ್ರಿ ಹತ್ತರ ಹೊತ್ತಿಗೆ, ದೂರದ ಹಳ್ಳಿಯ ರೈತನೊಬ್ಬ ಮೋಟಾರನ್ನು ಹೊತ್ತು ತಂದು, ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗಿದ. ಮರುದಿನ ಅಂಗಡಿಯ ಹೆಸರಿನ ಕೆಳಗೆ ಒಂದೇ ಒಂದು ನಕ್ಷತ್ರ ಬಿದ್ದಿತ್ತು. ‘ಸುಳ್ಳು ಹೇಳುತ್ತಾರೆ’ ಎಂಬ ಮಾತೂ ಇತ್ತು. ಇಪ್ಪತ್ತು ವರ್ಷ ಕಸುಬು ಮಾಡಿ ಯಾರಿಂದಲೂ ಅಂತಹ ಮಾತು ಕೇಳದ ಮಿಸ್ತ್ರಿಗೆ ಅದು ಬಹಳ ನೋವನ್ನುಂಟುಮಾಡಿತು. “ಇದನ್ನ ಅಳಿಸಿಬಿಡ್ರವ್ವ” ಎಂದು ಮೊಮ್ಮಗಳನ್ನು ಕೇಳಿಕೊಂಡ. ಬೇರೆಯವರು ಬರೆದ ಪ್ರಾಮಾಣಿಕ ಅಭಿಪ್ರಾಯವನ್ನು ಅಂಗಡಿಯವರು ಅಳಿಸುವಂತಿಲ್ಲ. ಆದರೆ ಉತ್ತರ ಬರೆಯಬಹುದು. ಅವಳು ಮೊದಲು ವೇಳೆಯನ್ನು ತಿದ್ದಿದಳು. ಅನಂತರ ಮಿಸ್ತ್ರಿಯ ಮಾತಿನಂತೆ, ತಪ್ಪು ನಮ್ಮದೇ ಎಂದೂ, ವೇಳೆಯನ್ನು ಸರಿಪಡಿಸಿದ್ದೇವೆಂದೂ, ಹಂಗಾಮಿನಲ್ಲಿ ರಾತ್ರಿ ಬರುವವರು ಮೊದಲು ಫೋನು ಮಾಡಿದರೆ ಬಾಗಿಲು ತೆರೆಯುತ್ತೇವೆಂದೂ ಬರೆದಳು. ಆ ರೈತ ಮತ್ತೆ ಬಂದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಆ ಉತ್ತರವನ್ನು ಓದಿ ಬಂದೆವೆಂದು ಹೇಳಿದ ಬೇರೆಯವರನ್ನು ನಾನೇ ಅಂಗಡಿಯಲ್ಲಿ ಕಂಡಿದ್ದೇನೆ.

ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ದಾಖಲೆಯಲ್ಲಿ ಬರೆದ ಒಂದೊಂದು ವಿವರವೂ ಗಿರಾಕಿಗೆ ಕೊಟ್ಟ ಮಾತು. ಅದು ತಪ್ಪಿದರೆ ಒಬ್ಬನ ದಿನವೇ ಹಾಳಾಗಬಹುದು. ಹಬ್ಬದ ದಿನ ಅಂಗಡಿ ಮುಚ್ಚುವುದಾದರೆ ಅದನ್ನೂ ತಿಳಿಸಬೇಕು. ಅಂಗಡಿಯನ್ನು ಬೇರೆ ಓಣಿಗೆ ಸಾಗಿಸಿದರೆ ನಕಾಶೆಯಲ್ಲಿಯೂ ಸಾಗಿಸಬೇಕು. ಬೀದಿಯ ಹಲಗೆಯ ಮೇಲೆ ಇಲ್ಲದ ಹೊಗಳಿಕೆಯ ಪದಗಳನ್ನು ಫೋನಿನಲ್ಲಿ ಹೆಸರಿನೊಡನೆ ಸೇರಿಸಬಾರದು. ‘ಜಿಲ್ಲೆಗೇ ಉತ್ತಮ, ಬಹಳ ಅಗ್ಗ’ ಎಂದೆಲ್ಲ ಹೆಸರಿಗೆ ಬಾಲ ಕಟ್ಟುವುದು ಆ ಸಂಸ್ಥೆಯ ನಿಯಮಕ್ಕೂ ವಿರುದ್ಧವಾದುದು.

ಅಭಿಪ್ರಾಯಗಳ ವಿಷಯದಲ್ಲಿ ಮೋಸವೂ ಉಂಟು. ಹಣ ಕೊಟ್ಟು ಸುಳ್ಳು ಹೊಗಳಿಕೆ ಬರೆಯಿಸುವವರೂ, ಎದುರಾಳಿಯ ಮೇಲೆ ಸುಳ್ಳು ದೂರು ಬರೆಯಿಸುವವರೂ ಇದ್ದಾರೆ. ಇದನ್ನು ತಡೆಯುವ ಉದ್ದೇಶದಿಂದ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ‘ಐಎಸ್ 19000’ ಎಂಬ ಮಾನಕವನ್ನು ಪ್ರಕಟಿಸಿತು. ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸುವಾಗಲೂ, ಪರಿಶೀಲಿಸುವಾಗಲೂ, ಪ್ರಕಟಿಸುವಾಗಲೂ ಅನುಸರಿಸಬೇಕಾದ ತತ್ತ್ವಗಳನ್ನು ಅದು ಹೇಳುತ್ತದೆ. ಆದರೆ ಮಾನಕಕ್ಕಿಂತ ಮಿಗಿಲಾದುದು ನಮ್ಮ ಆತ್ಮಸಾಕ್ಷಿ. ಕಾಣದ ಅಂಗಡಿಗೆ ಐದು ನಕ್ಷತ್ರ ಕೊಡುವುದು ಸುಳ್ಳುಸಾಕ್ಷಿ ನುಡಿದಂತೆ. ಕೋಪದ ಭರದಲ್ಲಿ ಬಡ ಕಸುಬುದಾರನಿಗೆ ಒಂದೇ ನಕ್ಷತ್ರ ಕೊಡುವುದೂ ಅನ್ಯಾಯವೇ. ಕೈಯಲ್ಲಿ ಫೋನುಳ್ಳ ಪ್ರತಿಯೊಬ್ಬನೂ ಈಗ ಒಂದು ಬಗೆಯ ನ್ಯಾಯಾಧೀಶ. ಆ ಸ್ಥಾನದ ಘನತೆಯನ್ನು ಅವನು ಕಾಪಾಡಬೇಕು.

ಸಣ್ಣ ವ್ಯಾಪಾರಿಗಳು ಎಚ್ಚರವಾಗಿರಬೇಕಾದ ಸಂಗತಿ ಇನ್ನೊಂದಿದೆ. “ನಿಮ್ಮ ಅಂಗಡಿಯನ್ನು ಮೊದಲನೆಯ ಸ್ಥಾನದಲ್ಲಿ ನಿಲ್ಲಿಸುತ್ತೇವೆ, ಹಣ ಕಳುಹಿಸಿ” ಎಂದು ಫೋನು ಮಾಡುವ ವಂಚಕರಿದ್ದಾರೆ. ಸ್ಥಳೀಯ ಹುಡುಕಾಟದ ಸಹಜವಾದ ಸಾಲಿನಲ್ಲಿ ಹಣ ಕೊಟ್ಟು ಮೇಲಿನ ಸ್ಥಾನ ಪಡೆಯುವ ದಾರಿಯಿಲ್ಲವೆಂದು ಗೂಗಲ್ ಸಂಸ್ಥೆಯೇ ಹೇಳಿದೆ. ಹಣ ಕೊಟ್ಟು ಹಾಕಿಸುವ ಜಾಹೀರಾತು ಬೇರೆ. ಅದರ ಮೇಲೆ ಜಾಹೀರಾತೆಂಬ ಗುರುತು ಇರುತ್ತದೆ. ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು ಅಪರಿಚಿತರಿಗೆ ಹೇಳುವುದಂತೂ ತಿಜೋರಿಯ ಬೀಗದ ಕೈಯನ್ನೇ ಕೊಟ್ಟಂತೆ.

ಈ ಹೊಸ ಸಾಧನದ ಮಿತಿಗಳನ್ನೂ ಮರೆಯಬಾರದು. ಎಲ್ಲರ ಬಳಿಯೂ ಅಂತರಜಾಲವುಳ್ಳ ಫೋನಿಲ್ಲ. ಬುಟ್ಟಿಯಲ್ಲಿ ತರಕಾರಿ ಹೊತ್ತು ಓಣಿ ಓಣಿ ತಿರುಗುವ ಮುದುಕಿಗೆ ನಕಾಶೆಯಲ್ಲಿ ಗುರುತಿಸುವಂತಹ ಅಂಗಡಿಯೇ ಇಲ್ಲ. ಊರಿನ ಎಲ್ಲ ವ್ಯಾಪಾರದ ಹೆಬ್ಬಾಗಿಲಿನ ಕೀಲಿ ದೂರದೇಶದ ಕೆಲವೇ ಸಂಸ್ಥೆಗಳ ಕೈಯಲ್ಲಿರುವುದು ಎಷ್ಟರಮಟ್ಟಿಗೆ ಸರಿ ಎಂಬುದೂ ಯೋಚಿಸಬೇಕಾದ ವಿಷಯ. ಯಂತ್ರವು ದಾರಿ ತೋರಿಸಬಲ್ಲುದು, ಕೆಲಸವನ್ನು ಮಾಡಲಾರದು. ಮಿಸ್ತ್ರಿಯು ಸುತ್ತಿದ ತಂತಿ ಸಡಿಲವಾಗಿದ್ದರೆ, ಅವನ ಹೆಸರು ನಕಾಶೆಯಲ್ಲಿ ಎಷ್ಟು ಹೊಳೆದರೂ ಮೋಟಾರು ತಿರುಗದು. ಗಿರಾಕಿಯನ್ನು ಮೊದಲ ಸಲ ಕರೆತರುವುದು ಹೆಸರು; ಎರಡನೆಯ ಸಲ ಕರೆತರುವುದು ಕೈಗುಣ.

ಸಣ್ಣ ಊರಿನ ಅಂಗಡಿ ಉಳಿಯುವುದು ಅದರ ಒಡೆಯನ ಲಾಭಕ್ಕಾಗಿ ಮಾತ್ರವೆಂದು ತಿಳಿಯಬಾರದು. ಅದು ಮುಚ್ಚಿದರೆ ಊರಿನವರೆಲ್ಲರೂ ಸಣ್ಣ ಕೆಲಸಕ್ಕೂ ಪಟ್ಟಣಕ್ಕೆ ಹೋಗಬೇಕಾಗುತ್ತದೆ. ಬಸ್ಸಿನ ಹಣ, ದಿನದ ಕೂಲಿ, ಕೆಲವೊಮ್ಮೆ ಹೊಲದ ಪೈರು ಇವೆಲ್ಲವೂ ಅದರೊಡನೆ ನಷ್ಟವಾಗುತ್ತವೆ. ನನಗೆ ಆದ ನಷ್ಟವು ನನ್ನೊಬ್ಬನದಾಗಿತ್ತು. ನಾನು ಪಿಂಚಣಿಯಿಂದ ಹೇಗೋ ನಿಭಾಯಿಸಿಕೊಂಡೆ. ಸಾಲ ತಂದು ನಾಟಿ ಮಾಡಿದ ಕೊನೆಭಾಗದ ರೈತನಿಗೆ ಮೂರು ದಿನಗಳ ವಿಳಂಬವೆಂದರೆ ಒಂದು ವರ್ಷದ ಅನ್ನ.

ನೀವು ಶಾಲೆಯಿಂದ ಮನೆಗೆ ಹೋಗುವಾಗ ನಿಮ್ಮ ಓಣಿಯನ್ನು ಒಮ್ಮೆ ಗಮನವಿಟ್ಟು ನೋಡಿರಿ. ಚಪ್ಪಲಿ ಹೊಲಿಯುವವರು, ಕುಲುಮೆ ನಡೆಸುವವರು, ರೊಟ್ಟಿ ಮಾಡಿ ಮಾರುವ ತಾಯಂದಿರು, ಬಟ್ಟೆ ಹೊಲಿಯುವವರು ಎಷ್ಟು ಜನ ಇದ್ದಾರೆ? ಅವರಲ್ಲಿ ಎಷ್ಟು ಜನರ ಹೆಸರು ನಕಾಶೆಯಲ್ಲಿದೆ? ಅವರಿಗೆ ಒಪ್ಪಿಗೆಯಿದ್ದರೆ, ಮನೆಯ ಹಿರಿಯರ ನೆರವಿನಿಂದ ಅವರ ವಿವರವನ್ನು ದಾಖಲಿಸಿಕೊಡಿರಿ. ಕಾಗುಣಿತ ತಪ್ಪದಂತೆ, ವೇಳೆ ತಪ್ಪದಂತೆ, ಇದ್ದುದನ್ನು ಇದ್ದಂತೆ ಬರೆಯಿರಿ. ಅದು ಅರ್ಧ ಗಂಟೆಯ ಕೆಲಸ.

ಈಚೆಗೆ ಮತ್ತೊಮ್ಮೆ ಪೋತ್ನಾಳದಲ್ಲಿ ಬಸ್ಸು ಇಳಿದಾಗ ಶಿಷ್ಯನ ಅಂಗಡಿಗೆ ಹೋಗಿದ್ದೆ. ಕಾಲುವೆಗೆ ನೀರು ಬಿಟ್ಟ ದಿನಗಳು. ಚಪ್ಪರದ ಕೆಳಗೆ ಆರೇಳು ಮೋಟಾರುಗಳು ಸಾಲಾಗಿ ಕುಳಿತಿದ್ದವು. ಅವನು ತಲೆಯೆತ್ತದೆ ತಂತಿ ಸುತ್ತುತ್ತಿದ್ದ. “ಕುಂದ್ರಿ ಮಾಸ್ತರ, ಚಹಾ ಹೇಳ್ತೀನಿ. ಇವತ್ತ ಸಂಜಿಯೊಳಗ ಇವಿಷ್ಟೂ ಕೊಡಬೇಕ್ರಿ, ನೀರು ಹೋಗಿಬಿಡ್ತದ” ಎಂದ. ನಾನು ಕುಳಿತೆ. ಹಿತ್ತಲ ಗಿಡದ ಮದ್ದು ಹಳ್ಳಿಯವರ ಕೈಸೇರುತ್ತಿತ್ತು.